ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದರೆ ಮುರಿದಿಲ್ಲ ಅಂತಲ್ಲ, ಚಿಕ್ಕಮ್ಮ

ಚಿಕ್ಕಮ್ಮ, ಡ್ಯೂಟಿಯಲ್ಲಿದ್ದೆ, ನಿಮ್ಮ ಮೆಸೇಜ್ ಈಗ ನೋಡಿದೆ. ಚಿಕ್ಕಪ್ಪ ಮೂರು ದಿನದ ಹಿಂದೆ ಮೆಟ್ಟಿಲಲ್ಲಿ ಜಾರಿ ಎಡಗಡೆ ಪಕ್ಕೆ ಬಡಿಸಿಕೊಂಡರು, ಎಕ್ಸ್‌ರೇ ತೆಗೆಸಿದಿರಿ, ಮುರಿದಿಲ್ಲ ಅಂದರು, ಆದರೂ ಕೆಮ್ಮಿದರೆ ಜೀವ ಹೋದ ಹಾಗೆ ಆಗುತ್ತದೆ ಅಂತ ಬರೆದಿದ್ದೀರಿ. ಅಣ್ಣ ಅದಕ್ಕೆ "ಎಕ್ಸ್‌ರೇ ನಾರ್ಮಲ್ ಅಲ್ವಾ, ಬರೀ ಮಾಂಸಖಂಡದ ನೋವು" ಅಂದಿದ್ದಾನೆ. ಅತ್ತೆ ಬಿಗಿಯಾಗಿ ಬಟ್ಟೆ ಸುತ್ತಿ ಅಂದಿದ್ದಾರೆ. ದಯವಿಟ್ಟು ಬಟ್ಟೆ ಮಾತ್ರ ಸುತ್ತಬೇಡಿ, ಈಗಾಗಲೇ ಸುತ್ತಿದ್ದರೆ ಬಿಚ್ಚಿಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ದಿನಾ ಎಕ್ಸ್‌ರೇ ರೂಮಿನಲ್ಲಿ ನಿಂತು ಇದೇ ಕೆಲಸ ಮಾಡುವವಳು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಎದೆಯ ಎಕ್ಸ್‌ರೇ ಪಕ್ಕೆಲುಬಿನ ಮುರಿತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ತೋರಿಸುವುದೇ ಇಲ್ಲ. ಇದು ಯಾರದೋ ತಪ್ಪಲ್ಲ. 24 ಪಕ್ಕೆಲುಬುಗಳು ಬೆನ್ನಿನಿಂದ ಮುಂದಕ್ಕೆ ಬಾಗಿ ಬಂದಿವೆ, ಫಿಲ್ಮ್ ಮಾತ್ರ ಚಪ್ಪಟೆ. ಒಂದರ ಮೇಲೊಂದು ನೆರಳು ಬೀಳುತ್ತದೆ, ಅದರ ಮೇಲೆ ಹೃದಯದ ನೆರಳು, ಹೊಟ್ಟೆಯ ನೆರಳು. ಮೂಳೆ ಜರುಗಿದ್ದರೆ ಕಾಣುತ್ತದೆ. ಕೂದಲೆಳೆಯಷ್ಟು ಬಿರುಕು, ಅದೂ ಪಕ್ಕೆ ತಿರುಗುವ ಜಾಗದಲ್ಲಿದ್ದರೆ, ಕಾಣುವುದಿಲ್ಲ. ಮುಂದುಗಡೆ ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಇರುವುದು ಮೃದ್ವಸ್ಥಿ, ಅಂದರೆ ಮೆತ್ತಗಿನ ಎಲುಬು (ಕಾರ್ಟಿಲೇಜ್), ಅದು ಒಡೆದರೆ ಎಕ್ಸ್‌ರೇಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಪೆಟ್ಟು ತಿಂದವರಿಗೆ "ಉಸಿರು ಪೂರ್ತಿ ಎಳೆದು ಹಿಡಿಯಿರಿ" ಅಂದರೆ ಪಾಪ ಅವರಿಗೆ ಎಳೆಯಲು ಆಗುವುದೇ ಇಲ್ಲ, ಅರ್ಧ ಉಸಿರಿನಲ್ಲಿ ತೆಗೆದ ಫಿಲ್ಮ್ ಚೆನ್ನಾಗಿ ಬರುವುದಿಲ್ಲ.

ಹಾಗಾದರೆ ಎಕ್ಸ್‌ರೇ ಯಾಕೆ ತೆಗೆಯುತ್ತಾರೆ? ಮೂಳೆ ಎಣಿಸುವುದಕ್ಕಿಂತ ಜಾಸ್ತಿ, ಒಳಗೆ ಏನಾಗಿದೆ ನೋಡುವುದಕ್ಕೆ. ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯಾ, ರಕ್ತ ತುಂಬಿದೆಯಾ, ಶ್ವಾಸಕೋಶಕ್ಕೇ ಪೆಟ್ಟಾಗಿದೆಯಾ, ಅದು ಮುಖ್ಯ. ವಯಸ್ಸಿನ ಹುಡುಗರಿಗೆ ಸಣ್ಣ ಪೆಟ್ಟಾಗಿ ಇದೆಲ್ಲ ಸರಿಯಿದ್ದರೆ ನಾನೇ ಹೇಳುತ್ತೇನೆ, ಸುಮ್ನೆ ಸಿಟಿ ಸ್ಕ್ಯಾನ್ ಬೇಡ ಅಂತ. ಒಂದು ಬಿರುಕು ಕಂಡರೂ ಕಾಣದಿದ್ದರೂ ಚಿಕಿತ್ಸೆ ಒಂದೇ, ನೋವು ಕಡಿಮೆ ಮಾಡುವುದು, ಆರು ವಾರ ಮೂಳೆ ಕೂಡಲು ಬಿಡುವುದು.

ಆದರೆ ಚಿಕ್ಕಪ್ಪನಿಗೆ 70 ದಾಟಿದೆ. ಹೃದಯಕ್ಕೆ ಅಂತ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಪೆಟ್ಟು ಬಿದ್ದಿರುವುದು ಎಡಗಡೆ ಕೆಳಗಿನ ಪಕ್ಕೆಗೆ, ಅದರ ಹಿಂದೆಯೇ ಗುಲ್ಮ (ಸ್ಪ್ಲೀನ್ ಅನ್ನುವ ಅಂಗ) ಇರುತ್ತದೆ, ಅದಕ್ಕೆ ಏಟಾದರೆ ರಕ್ತ ಹೊಟ್ಟೆಯೊಳಗೆ ಸೋರುತ್ತದೆ. ಕೆಲವೊಮ್ಮೆ ಮೊದಲ ದಿನ ಏನೂ ಇಲ್ಲದೆ ಆಮೇಲೆ ಶುರುವಾಗುತ್ತದೆ. ಅದಕ್ಕೇ ಇವರ ವಿಷಯದಲ್ಲಿ ನಾನು ಅಣ್ಣನ ಮಾತು ಒಪ್ಪುವುದಿಲ್ಲ. ಇವತ್ತೇ ವಾಪಸ್ ಹೋಗಿ, ಡಾಕ್ಟರಿಗೆ ಈ ಮೂರೂ ವಿಷಯ ಹೇಳಿ, ಸಿಟಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಸಿಟಿ ತೆಳುತೆಳು ಪದರಗಳಾಗಿ ನೋಡುವುದರಿಂದ ನೆರಳಿನ ತೊಂದರೆ ಇರುವುದಿಲ್ಲ, ಎಷ್ಟು ಪಕ್ಕೆ, ಎಲ್ಲಿ, ಕೆಳಗಿನ ಅಂಗಾಂಗ ಹೇಗಿದೆ, ಎಲ್ಲ ಗೊತ್ತಾಗುತ್ತದೆ. ಎಷ್ಟು ಪಕ್ಕೆ ಅನ್ನುವುದು ವಯಸ್ಸಾದವರಲ್ಲಿ ಲೆಕ್ಕಕ್ಕೆ ಬರುತ್ತದೆ, ಮುರಿದ ಪಕ್ಕೆ ಒಂದೊಂದು ಹೆಚ್ಚಾದ ಹಾಗೆ ನ್ಯುಮೋನಿಯಾ ಅಪಾಯವೂ ಹೆಚ್ಚುತ್ತದೆ. ಸಿಟಿಯಲ್ಲಿ ಒಳಗಿನದು ಸ್ಪಷ್ಟವಾಗಿ ಕಾಣಲಿ ಅಂತ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಾದರೆ ಕಿಡ್ನಿ ತೊಂದರೆ, ಅಲರ್ಜಿ ಏನಾದರೂ ಇದ್ದರೆ ಮೊದಲೇ ಹೇಳಿ.

ರೇಡಿಯೇಷನ್ ಬಗ್ಗೆ ಕೇಳಿದ್ದಿರಿ. ಎದೆಯ ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಾಗುವ ರೇಡಿಯೇಷನ್ನಿನ ಅಳತೆ), ಎದೆಯ ಸಿಟಿ 6-7 ಇರಬಹುದು. ನಾವೆಲ್ಲ ಸುಮ್ಮನೆ ಕೂತರೂ ಭೂಮಿ ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಅವರ ವಯಸ್ಸಿಗೆ, ಈ ಪರಿಸ್ಥಿತಿಯಲ್ಲಿ, ಆ ಚಿಂತೆ ಬಿಡಿ.

ಅಲ್ಟ್ರಾಸೌಂಡ್‌ನಲ್ಲೂ ಬಿರುಕು ಕಾಣುತ್ತದೆ, ಮೃದ್ವಸ್ಥಿ ಮುರಿದದ್ದೂ ಕಾಣುತ್ತದೆ, ರೇಡಿಯೇಷನ್ ಇಲ್ಲ. ಆದರೆ ನೋವಿರುವ ಜಾಗದ ಮೇಲೇ ಒತ್ತಬೇಕು, ಹೆಗಲಮೂಳೆಯ ಕೆಳಗೆ ನೋಡಲಾಗದು, ಮಾಡುವವರ ಕೈ ಪಳಗಿರಬೇಕು.

ಈಗ ಬಟ್ಟೆ ವಿಷಯ. ಬಿಗಿದು ಸುತ್ತಿದರೆ ಉಸಿರು ಮೇಲೆಮೇಲೆ ಆಗುತ್ತದೆ, ಕಫ ಒಳಗೇ ಕೂರುತ್ತದೆ, ನ್ಯುಮೋನಿಯಾ ಬರುವುದು ಹೀಗೇ. ಹಿಂದೆ ಸುತ್ತುತ್ತಿದ್ದರು ನಿಜ, ಈಗ ಬಿಟ್ಟಿದ್ದಾರೆ. ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ, ನಿಮ್ಮಷ್ಟಕ್ಕೆ ನೀವು ಬೇರೆ ನೋವಿನ ಮಾತ್ರೆ ಕೊಡಬೇಡಿ, ರಕ್ತ ತೆಳುವಾಗುವ ಮಾತ್ರೆಯ ಜೊತೆ ಕೆಲವು ಆಗಿಬರುವುದಿಲ್ಲ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರು ತೆಗೆಸಿ, ಕೆಮ್ಮುವಾಗ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿಯಲು ಹೇಳಿ.

ಉಸಿರು ಕಟ್ಟಿದ ಹಾಗಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಜ್ವರ ಬಂದರೆ, ತಲೆ ಸುತ್ತಿ ಬೆವರಿದರೆ, ಹೊಟ್ಟೆಯಲ್ಲೋ ಎಡ ಹೆಗಲಲ್ಲೋ ನೋವು ಶುರುವಾದರೆ ನನ್ನ ಉತ್ತರಕ್ಕೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಈಗ ಹೋಗುವಾಗ ಹಳೇ ಫಿಲ್ಮ್, ಮಾತ್ರೆಯ ಚೀಟಿ ಎರಡೂ ಕೈಯಲ್ಲಿರಲಿ. ಅಣ್ಣಾ, ನೀನು ಜೊತೆಗೆ ಹೋಗು, ಚಿಕ್ಕಮ್ಮ ಒಬ್ಬರೇ ಬೇಡ. ನನ್ನ ಫೋನ್ ರಾತ್ರಿ ಪೂರ್ತಿ ಆನ್ ಇರುತ್ತದೆ.