ಸಹಾಯ ಬೇಕು: ಸಾಗವಾನಿ ಹಲಗೆಗೆ ಹತ್ತಿದ ಹಳೇ ಕಾರ್ಪೆಟ್ ಗಮ್ಮು ತೆಗೆಯೋದು ಹೆಂಗ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ನಮ್ಮ ಅಜ್ಜನ ಮನೆ ಮಹಡಿಗೆ ಸಾಗವಾನಿ ಹಲಗೆ ನೆಲ. ಅದಕ್ಕೆ ಅಂಟಿಸಿದ್ದ ಕಾರ್ಪೆಟ್ ಮೊನ್ನೆ ಕಿತ್ತೆವು. ಅಡಿಯ ಫೋಮು ಪುಡಿಪುಡಿಯಾಗಿ ಗಮ್ಮಿಗೇ ಹತ್ತಿಕೊಂಡಿದೆ. ಬೆಳಿಗ್ಗೆ ಕಲ್ಲಿನಂತಿರುವ ಗಮ್ಮು ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಅಂಗಾಲಿಗೆ ಅಂಟುತ್ತದೆ.

ಹೇರ್ ಡ್ರೈಯರ್‌ನಿಂದ ಕಾಯಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ. ಒಂದು ಮೊಳ ಜಾಗಕ್ಕೆ ಒಂದು ತಾಸು! ಆದರೆ ಅಡಿಯಿಂದ ಜೇನಿನ ಬಣ್ಣದ ಹಲಗೆ ಕಂಡಾಗ ಅಜ್ಜನನ್ನೇ ನೋಡಿದಂಗಾಯ್ತು. ನೀರು ಸುರಿದರೆ ಹಲಗೆ ಉಬ್ಬುತ್ತದೆ, ಅದು ಬೇಡ. ಥಿನ್ನರ್ ಹಚ್ಚೋಣವೆಂದರೆ ಕೆಳಗೇ ಅಡುಗೆಮನೆ, ಬೆಂಕಿಯ ಭಯ. ಒಂದು ಮೂಲೆಯಲ್ಲಿ ಡಾಂಬರಿನಂಥ ಕಪ್ಪು ಗಮ್ಮಿದೆ. ಹಳೇ ಕಪ್ಪು ಗಮ್ಮಿನಲ್ಲಿ ಆಸ್ಬೆಸ್ಟಾಸ್ (ಧೂಳಾಗಿ ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು) ಇರಬಹುದೆಂದು ಅಲ್ಲಿ ಉಜ್ಜುಕಾಗದ ಮುಟ್ಟಿಸಿಲ್ಲ.

ಈ ಕೆಲಸ ಮಾಡಿ ಗೊತ್ತಿರುವ ಬಡಗಿಗಳು, ಪಾಲಿಶ್‌ನವರು ಬಳ್ಳಾರಿ, ಹೊಸಪೇಟೆ ಕಡೆ ಇದ್ದರೆ ದಯವಿಟ್ಟು ತಿಳಿಸ್ರಿ.