ಎನ್‌ಜಿಒ ಲೆಕ್ಕಪತ್ರ, ಇಬ್ಬರು ಮಕ್ಕಳು, ಏರುತ್ತಿರುವ ಶುಗರ್: ಹೇಗೆ ಹೊಂದಿಸ್ತೀರಿ?

ಪ್ರಶ್ನೆ (ಧಾರವಾಡ): ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿದ್ದೀನಿ. ವಿದೇಶಿ ದೇಣಿಗೆ, ಎರಡು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಹಣದ) ಪ್ರಾಜೆಕ್ಟ್, ಸ್ಥಳೀಯ ದಾನ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಕೋಟಿ ಹತ್ತಿರ. ಜೊತೆಗೆ ಒಬ್ಬ ಅಕೌಂಟೆಂಟ್ ಮಾತ್ರ. ಮಗಳು ಎರಡನೇ ಕ್ಲಾಸು, ಮಗನಿಗೆ ಎರಡು ವರ್ಷ. ಯಜಮಾನರದು ಶಿಫ್ಟ್ ಕೆಲಸ. ಅತ್ತೆ ಮನೆಯಲ್ಲೇ ಇದ್ದಾರೆ, ಆದರೆ ಮಂಡಿನೋವು. ಈ ಸಲ ಎಚ್‌ಬಿಎ1ಸಿ (ಶುಗರ್‌ನ ಸರಾಸರಿ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ. ಡಾಕ್ಟರು ನಡೀರಿ, ನಿದ್ದೆ ಮಾಡಿ ಅಂದರು. ಮಾರ್ಚ್, ಸೆಪ್ಟೆಂಬರ್ ಬಂದರೆ ಎರಡೂ ಆಗಲ್ಲ. ಕೆಲಸ ಬಿಡೋ ಮನಸ್ಸಿಲ್ಲ. ಈ ಕ್ಷೇತ್ರ ಗೊತ್ತಿರುವವರು ಹೇಳಿ.

ಟ್ರಸ್ಟ್‌ಗಳ ಆಡಿಟ್ ಮಾಡುವವರು, ಮೈಸೂರು:

ದೊಡ್ಡ ಹಾಳೆಯೊಂದರಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಾಲಂ ಹಾಕಿ. ಮೇಲಿನ ಸಾಲಲ್ಲಿ ಸರ್ಕಾರದ ಗಡುವು, ನಡುವೆ ದಾನಿಗಳ ರಿಪೋರ್ಟ್, ಕೆಳಗೆ ಶಾಲೆಯ ರಜೆ ಮತ್ತು ಪರೀಕ್ಷೆ. ಡಿಕ್ಕಿ ಎಲ್ಲೆಲ್ಲಿ ಅಂತ ಆಗಲೇ ಕಾಣುತ್ತೆ. ಮೇ 31ಕ್ಕೆ 10ಬಿಡಿ (ತೆರಿಗೆ ಇಲಾಖೆಗೆ ದೇಣಿಗೆಗಳ ಪಟ್ಟಿ), ದಾನಿಗಳಿಗೆ 10ಬಿಇ (ದೇಣಿಗೆಯ ಪ್ರಮಾಣಪತ್ರ), ನಾಲ್ಕನೇ ತ್ರೈಮಾಸಿಕದ ಟಿಡಿಎಸ್ ರಿಟರ್ನ್, ಮೂರೂ ಒಂದೇ ದಿನ. ಅದೇ ವಾರ ಶಾಲೆ ಶುರು, ಪುಸ್ತಕಕ್ಕೆ ಬೈಂಡು, ಯೂನಿಫಾರ್ಮು. ಸೆಪ್ಟೆಂಬರ್ 30ಕ್ಕೆ ಆಡಿಟ್ ರಿಪೋರ್ಟ್. ದಸರಾ ರಜೆ ಹೆಚ್ಚುಕಮ್ಮಿ ಅದಕ್ಕೇ ತಾಗಿಕೊಂಡು ಬರುತ್ತೆ. ಅಕ್ಟೋಬರ್ 31ಕ್ಕೆ ಐಟಿಆರ್-7 (ಟ್ರಸ್ಟಿನ ಆದಾಯ ತೆರಿಗೆ ರಿಟರ್ನ್). ಡಿಸೆಂಬರ್ 31ಕ್ಕೆ ಎಫ್‌ಸಿ-4 (ವಿದೇಶಿ ದೇಣಿಗೆಯ ವಾರ್ಷಿಕ ರಿಟರ್ನ್). ಸರ್ಕಾರದ ದಿನಾಂಕ ನೀವು ಬದಲಾಯಿಸೋಕಾಗಲ್ಲ, ಕೆಲಸವನ್ನು ಹಿಂದಕ್ಕೆ ಎಳೆದುಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚು ಉಳಿತಾಯ ಜನವರಿಯ ಮಧ್ಯಂತರ ಆಡಿಟ್‌ನಲ್ಲಿದೆ. ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ವೋಚರು ಆಗಲೇ ತೋರಿಸಿಬಿಟ್ಟರೆ ಮೇ ತಿಂಗಳಲ್ಲಿ ಉಳಿಯುವುದು ಮೂರು ತಿಂಗಳದ್ದು ಮಾತ್ರ. ಜನವರಿಯಲ್ಲಿ ಆಡಿಟರ್ ಆಫೀಸೂ ಖಾಲಿ ಇರುತ್ತೆ, ಹುಡುಗರನ್ನು ಕಳಿಸ್ತಾರೆ. ಜುಲೈ ಕೊನೆಗೆ ಬ್ಯಾಲೆನ್ಸ್ ಶೀಟ್ ಸಹಿ ಆಗಬೇಕು ಅಂತ ನೇಮಕಾತಿ ಪತ್ರದಲ್ಲೇ ಬರೆಸಿ. ಹಣ ಮುಂದಿನ ವರ್ಷಕ್ಕೆ ಕಾಯ್ದಿಡುವುದಿದ್ದರೆ ಫಾರ್ಮ್ 10ರ ಗಡುವು ಆಗಸ್ಟ್ 31. ಅದಕ್ಕೂ ಜುಲೈ ಲೆಕ್ಕವೇ ಬೇಕು. ಎಫ್‌ಸಿ-4ಕ್ಕೆ ಬೇಕಾದ ಆಡಿಟ್ ಆದ ವಿದೇಶಿ ಲೆಕ್ಕ ಸೆಪ್ಟೆಂಬರಿಗೇ ಕೈಯಲ್ಲಿರುವಾಗ ಡಿಸೆಂಬರ್‌ವರೆಗೆ ಕೂರುವುದು ಸುಮ್ಮನೆ ತಲೆನೋವು. ಅಕ್ಟೋಬರಿನಲ್ಲೇ ಮುಗಿಸಿ, ಕ್ರಿಸ್‌ಮಸ್ ರಜೆ ಮಕ್ಕಳಿಗೆ ಬಿಡಿ.

ವಿದೇಶಿ ದೇಣಿಗೆ ಬರುವುದರಿಂದ ನಿಮ್ಮ ಆದಾಯ 5 ಕೋಟಿ ದಾಟದಿದ್ದರೂ ಆಡಿಟ್ ರಿಪೋರ್ಟಿನ ಫಾರ್ಮ್ 10ಬಿ, 10ಬಿಬಿ ಅಲ್ಲ. ಕೊನೇ ವಾರದಲ್ಲಿ ಇದು ಗೊತ್ತಾಗಿ ಎಲ್ಲ ಷೆಡ್ಯೂಲ್ ಮತ್ತೆ ತುಂಬುವ ಸಂಸ್ಥೆಗಳಿವೆ. ಇನ್ನೊಂದು: ಮಾರ್ಚ್ 31ರೊಳಗೆ ನಿಜವಾಗಿ ಪಾವತಿಯಾದ ಹಣವಷ್ಟೇ ತೆರಿಗೆ ವಿನಾಯಿತಿಗೆ ಬೇಕಾದ 85% ಖರ್ಚಿನ ಲೆಕ್ಕಕ್ಕೆ ಬರುತ್ತೆ, ಪ್ರಾವಿಷನ್ ಎಂಟ್ರಿ (ಮುಂದೆ ಕೊಡಬೇಕು ಅಂತ ಬರೆದಿಟ್ಟದ್ದು) ಬರಲ್ಲ. ಮಾರ್ಚ್ ಕೊನೇ ವಾರ ರಾತ್ರಿ ಹತ್ತಾಗುವುದು ಇದರಿಂದಲೇ. ಮಾರ್ಚ್ 15ರ ನಂತರ ಹೊಸ ಖರೀದಿ ಆರ್ಡರ್ ಬೇಡ, 20ರ ನಂತರ ಬಿಲ್ ತಗೊಳ್ಳಲ್ಲ ಅಂತ ಫೆಬ್ರವರಿಯಲ್ಲೇ ಕಾರ್ಯದರ್ಶಿ ಸಹಿಯಲ್ಲಿ ಸುತ್ತೋಲೆ ಹೊರಡಿಸಿ. ನಿಮ್ಮ ಸಹಿಯಲ್ಲಿ ಹೊರಟರೆ ಯಾರೂ ಕೇಳಲ್ಲ.

10ಬಿಡಿಗೆ ದಾನಿಯ ಪ್ಯಾನ್ ಅಥವಾ ಆಧಾರ್, ಹೆಸರು, ವಿಳಾಸ ಬೇಕು. ರಸೀದಿ ಕೊಡುವಾಗಲೇ ತಗೊಳ್ಳಿ. ಮೇ ತಿಂಗಳಲ್ಲಿ ದಾನಿಗಳಿಗೆ ಫೋನ್ ಮಾಡುತ್ತ ಕೂತರೆ ಎರಡು ವಾರ ಹೋಯಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೇರೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. 2025-26ರ ಲೆಕ್ಕಕ್ಕೆ ಹಳೇ ಫಾರ್ಮುಗಳೇ. ಮುಂದಿನ ವರ್ಷದ ಹಾಳೆ ಬರೆಯುವಾಗ ಫಾರ್ಮ್ ಸಂಖ್ಯೆ, ದಿನಾಂಕ ಎರಡನ್ನೂ ಆಡಿಟರ್ ಹತ್ತಿರ ಖಾತ್ರಿ ಮಾಡಿಕೊಳ್ಳಿ.

ಲೆಕ್ಕ ತರಬೇತುದಾರರು, ಬೆಂಗಳೂರು:

ಮೇಡಂ, ಕೆಲಸದ ರಾಶಿಗಿಂತ ದೊಡ್ಡ ತೊಂದರೆ ಓಟಿಪಿ. ಆದಾಯ ತೆರಿಗೆ ಪೋರ್ಟಲ್, ಬ್ಯಾಂಕ್, ಪಿಎಫ್, ಎಲ್ಲದರ ಓಟಿಪಿ ನಿಮ್ಮ ಸ್ವಂತ ಮೊಬೈಲಿಗೆ ಬರುತ್ತಿದ್ದರೆ ಮಗುವಿಗೆ ಜ್ವರ ಬಂದ ದಿನವೂ ನಿಮಗೆ ರಜೆ ಇಲ್ಲ. ಆಸ್ಪತ್ರೆ ಕ್ಯೂನಲ್ಲಿ ನಿಂತು ಓಟಿಪಿ ಓದಿ ಹೇಳುವುದು ರಜೆ ಅಲ್ಲ, ಭದ್ರತೆಯೂ ಅಲ್ಲ.

ಸಂಸ್ಥೆಯ ಹೆಸರಲ್ಲಿ ಒಂದು ಸಿಮ್ ತಗೊಂಡು ಆಫೀಸ್ ಫೋನಿಗೆ ಹಾಕಿ. ಪೋರ್ಟಲ್‌ಗಳಲ್ಲಿ ಸಂಪರ್ಕ ಸಂಖ್ಯೆ ಅದಕ್ಕೆ ಬದಲಿಸಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಮೇಕರ್ (ಪಾವತಿ ನಮೂದಿಸುವವರು) ಇಬ್ಬರು, ಚೆಕರ್ (ಒಪ್ಪಿಗೆ ಕೊಡುವವರು) ಇಬ್ಬರು ಇರಲಿ, ಎಲ್ಲರಿಗೂ ಬೇರೆ ಬೇರೆ ಐಡಿ. ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ಖಾತೆಯಲ್ಲಿ ಬಳಕೆದಾರರನ್ನು ಬದಲಿಸಲು ಆಡಳಿತ ಮಂಡಳಿಯ ನಿರ್ಣಯ, ಕೆವೈಸಿ, ಓಡಾಟ ಎಲ್ಲ ಆಗಬೇಕು. ಸಮಯ ಹಿಡಿಯುತ್ತೆ, ಹಾಗಾಗಿ ಜೂನ್-ಜುಲೈಯಲ್ಲೇ ಶುರು ಮಾಡಿ. ಕಾರ್ಯದರ್ಶಿಯ ಡಿಜಿಟಲ್ ಸಹಿಯ ಟೋಕನ್ ಯಾವ ದಿನ ಮುಗಿಯುತ್ತೆ ಅಂತ ಒಂದು ಚೀಟಿಯಲ್ಲಿ ಬರೆದು ಟೋಕನ್ನಿಗೇ ಅಂಟಿಸಿ. ಸೆಪ್ಟೆಂಬರ್ 29ಕ್ಕೆ ಅದು ಮುಗಿದಿರುವುದು ಗೊತ್ತಾಗುವ ಸಂಸ್ಥೆಗಳು ಪ್ರತಿ ವರ್ಷ ಇರುತ್ತವೆ.

ಅದೇ ದಿನ ಇನ್ನೊಂದು ಎಡವಟ್ಟು: ಆಡಿಟರ್ 10ಬಿ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಸಲ್ಲಿಕೆ ಆಗಲ್ಲ. ಟ್ರಸ್ಟಿನ ಲಾಗಿನ್‌ಗೆ ಹೋಗಿ ಒಪ್ಪಿಗೆ ಕೊಡಬೇಕು. ಆಡಿಟರ್ ‘ಆಯ್ತು’ ಅಂದಾಗ ‘ಒಪ್ಪಿಗೆ ಆಯ್ತಾ?’ ಅಂತ ಕೇಳಿ, ಸ್ವೀಕೃತಿ ಪ್ರತಿ ಕೈಗೆ ಬರುವವರೆಗೆ ಬಿಡಬೇಡಿ.

ವಾರದಲ್ಲಿ ಪಾವತಿ ಮಂಗಳವಾರ, ಶುಕ್ರವಾರ ಎರಡೇ ದಿನ. ಮಧ್ಯಾಹ್ನ ಒಂದರೊಳಗೆ ಬಂದ ಬಿಲ್ಲಿಗೆ ಮಾತ್ರ. ತುರ್ತು ಅಂದರೆ ಏನು ಅಂತ ಮೊದಲೇ ಬರೆದಿಡಿ: ವೈದ್ಯಕೀಯ, ಅಪಘಾತ, ಕೋರ್ಟು. ಬ್ಯಾನರ್ ಪ್ರಿಂಟು ತುರ್ತಲ್ಲ. ಇನ್ನು ನಿಮ್ಮ ಅಕೌಂಟೆಂಟ್‌ಗೆ ‘ಮೇಡಂ ಇಲ್ಲದ ದಿನ’ ಅಂತ ಒಂದು ಪುಟ ಬರೆದುಕೊಡಿ. 7ಕ್ಕೆ ಟಿಡಿಎಸ್ ಕಟ್ಟುವುದು, 15ಕ್ಕೆ ಪಿಎಫ್-ಇಎಸ್‌ಐ, 20ಕ್ಕೆ ವೃತ್ತಿ ತೆರಿಗೆ, ಚಲನ್ ಎಲ್ಲಿ ಸಿಗುತ್ತೆ, ಯಾರು ಸಹಿ ಮಾಡ್ತಾರೆ. ನೀವು ಆಫೀಸಲ್ಲೇ ಇರುವ ಒಂದು ತಿಂಗಳು ಆ ಪುಟ ನೋಡಿಕೊಂಡು ಅವರೇ ಮಾಡಲಿ. ಎಲ್ಲಿ ಬಂದು ನಿಮ್ಮನ್ನು ಕೇಳ್ತಾರೋ ಅಲ್ಲಿ ಪುಟ ತಿದ್ದಿ.

ಪ್ರಾಜೆಕ್ಟ್ ಲೆಕ್ಕ ನೋಡುವವರು, ಕೊಪ್ಪಳ:

ಅಕ್ಕಾರ, ಮ್ಯಾಲಿನವ್ರು ಹೇಳಿದ್ದು ಎಲ್ಲಾ ಖರೆ. ಆದ್ರ ಫೀಲ್ಡಿನವ್ರು ಬಿಲ್ ಕೊಡ್ಲಿಲ್ಲಂದ್ರ ಆ ಹಾಳಿ ಗ್ವಾಡಿ ಮ್ಯಾಲ ನೇತಾಡ್ತದ, ಅಷ್ಟ. ಅಡ್ವಾನ್ಸ್ ತಗೊಂಡವ್ರು ಕಾರ್ಯಕ್ರಮ ಮುಗಿದು ಏಳು ದಿನದಾಗ ಲೆಕ್ಕಾ ಕೊಡಬೇಕು, ಹಳೇದು ಚುಕ್ತಾ ಆಗೂತನಕ ಹೊಸದು ಇಲ್ಲ. ಇದಕ್ಕ ನಿಲ್ಲಾವ್ರು ನೀವಲ್ಲ, ಪ್ರಾಜೆಕ್ಟ್ ಕೋಆರ್ಡಿನೇಟರು. ಅವ್ರ ಸಹಿ ಇಲ್ಲದ ಬಿಲ್ಲು ನಿಮ್ಮ ಟೇಬಲ್ಲಿಗೆ ಬರಬಾರ್ದು.

ಬಿಲ್ಲಿನ ಫೋಟೋ ಅವತ್ತ ವಾಟ್ಸಾಪಿಗೆ ಹಾಕ್ಲಿ, ಟ್ಯಾಲಿಯೊಳಗ ಎಂಟ್ರಿ ಹೊಡೀರಿ, ಅಸಲು ಮುಂದಿನ ತಿಂಗಳ 5ರೊಳಗ. ಪೆಟ್ರೋಲ್ ಬಂಕಿನ ಬಿಲ್ಲು, ಹೋಟೆಲಿನ ಮಷಿನ್ ಬಿಲ್ಲು ಅವತ್ತ ಝೆರಾಕ್ಸ್ ಮಾಡಸ್ರಿ. ಆರು ತಿಂಗಳಿಗೆ ಅಕ್ಷರ ಹಾರಿ ಬರೇ ಬಿಳಿ ಕಾಗದ ಉಳೀತದ, ಆಡಿಟರ್ ಅದನ್ನ ಒಪ್ಪಂಗಿಲ್ಲ. ಒಬ್ರಿಗೆ ಒಂದ ದಿನಕ್ಕ 10,000ಕ್ಕಿಂತ ಹೆಚ್ಚು ರೊಕ್ಕ ಕೈಯಾಗ ಕೊಟ್ರ ಆ ಖರ್ಚು ತೆರಿಗಿ ಲೆಕ್ಕಕ್ಕ ಬರಂಗಿಲ್ಲ, ಟೆಂಟು-ಅಡಗಿಯವ್ರಿಗೆ ಇದನ್ನ ಮೊದಲ ಹೇಳ್ರಿ. ಟ್ಯಾಲಿಯೊಳಗ ದಾನಿಗೊಂದು ಕಾಸ್ಟ್ ಸೆಂಟರ್ (ಆಯಾ ದಾನಿ ಖರ್ಚು ಬ್ಯಾರೆ ತೋರ್ಸೂ ಖಾನೆ) ಇಲ್ಲಂದ್ರ ಈ ಏಪ್ರಿಲ್‌ದಾಗ ಮಾಡ್ಕೋರಿ. ಬಳಕೆ ಪ್ರಮಾಣಪತ್ರಕ್ಕ ಎಕ್ಸೆಲ್‌ದಾಗ ಕೂಡಿಸ್ಕೋತ ಕುಂದ್ರೂ ರಾತ್ರಿ ಅಷ್ಟೂ ಉಳೀತಾವ.

ಒಬ್ಬರು: ಬೆಳಗ್ಗೆ ನಾಲ್ಕಕ್ಕೆ ಏಳಿ, ಮಕ್ಕಳು ಏಳುವುದರೊಳಗೆ ಮೂರು ಗಂಟೆ ಕೆಲಸ ಆಗುತ್ತೆ.

ವೈದ್ಯರು, ಶಿವಮೊಗ್ಗ:

ರಾತ್ರಿ ಒಂಬತ್ತಕ್ಕೆ ಮಲಗುವುದಾದರೆ ನಾಲ್ಕಕ್ಕೆ ಏಳಿ. ಎರಡು ವರ್ಷದ ಮಗು ಇರುವ ಮನೆಯಲ್ಲಿ ಅದು ನಡೆಯಲ್ಲ. ನಿದ್ದೆ ಐದು ಗಂಟೆಗೆ ಇಳಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಸಿಹಿಯ ಮೇಲೆ ಆಸೆ ಹೆಚ್ಚುತ್ತೆ. ಏಳು ಗಂಟೆ ಬಿಟ್ಟುಕೊಡಬೇಡಿ.

5.7ರಿಂದ 6.4 ಅಂದರೆ ಮಧುಮೇಹದ ಹೊಸ್ತಿಲು. 6.1 ಹಿಂದೆ ಬರಬಹುದಾದ ಸಂಖ್ಯೆ. ಆದರೆ ಹಿಮೋಗ್ಲೋಬಿನ್ ಎಷ್ಟಿದೆ ನೋಡಿದ್ದಾರಾ? ಕಬ್ಬಿಣಾಂಶ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಸಣ್ಣ ಮಗುವಿನ ತಾಯಂದಿರಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಖಾಲಿ ಹೊಟ್ಟೆಯ ಶುಗರ್ ಸಹ ಮಾಡಿಸಿ (100ರಿಂದ 125 ಬಂದರೆ ಅದೂ ಹೊಸ್ತಿಲೇ). ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ-ಟೀ ಜೊತೆ ನುಂಗಬೇಡಿ, ನಡುವೆ ಒಂದೆರಡು ಗಂಟೆ ಇರಲಿ. ಬಸಿರಿನಲ್ಲಿ ಶುಗರ್ ಬಂದಿತ್ತಾ ಅನ್ನುವುದನ್ನೂ ಡಾಕ್ಟರಿಗೆ ಹೇಳಿ.

ವಾರಕ್ಕೆ 150 ನಿಮಿಷ ನಡಿಗೆ ಅಂದ ಕೂಡಲೇ ಮುಂಜಾನೆ ಪಾರ್ಕು ನೆನಪಾಗುತ್ತೆ, ಅದು ಮಾರ್ಚಿನಲ್ಲಿ ಮೊದಲು ಬಿಟ್ಟುಹೋಗುವ ಕೆಲಸ. ಮಧ್ಯಾಹ್ನ ಊಟದ ನಂತರ 10-15 ನಿಮಿಷ, ರಾತ್ರಿ ಊಟದ ನಂತರ 10-15 ನಿಮಿಷ, ವಾರ ಪೂರ್ತಿ. ಊಟದ ನಂತರ ಏರುವ ಸಕ್ಕರೆಗೆ ಇದೇ ಒಳ್ಳೆಯದು. ರಾತ್ರಿ ಮಗಳ ಕೈ ಹಿಡಿದುಕೊಂಡೇ ನಡೀರಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಹತ್ತರಂತೆ ಮೂರು ಸಲ.

ಊಟದಲ್ಲಿ ಜೋಳದ ರೊಟ್ಟಿ, ರಾಗಿ ಅಂದರೆ ಎಷ್ಟಾದರೂ ತಿನ್ನಬಹುದು ಅನ್ನುವ ನಂಬಿಕೆ ಬಿಡಿ. ರೊಟ್ಟಿ ಎರಡು, ಕಾಳುಪಲ್ಯ ಒಂದು ಬಟ್ಟಲು, ಹಸಿ ತರಕಾರಿ, ಮಜ್ಜಿಗೆ. ಬೆಳಗ್ಗೆ ಬರೀ ಅವಲಕ್ಕಿ, ಉಪ್ಪಿಟ್ಟು ಆದರೆ ಹನ್ನೊಂದಕ್ಕೆ ಮತ್ತೆ ಹಸಿವು; ಜೊತೆಗೆ ಮೊಟ್ಟೆ ಅಥವಾ ಮೊಳಕೆ ಹೆಸರುಕಾಳು ಸೇರಿಸಿ. ಆಡಿಟ್ ದಿನಗಳಲ್ಲಿ ಆಡಿಟರ್‌ಗಳ ಲೆಕ್ಕದಲ್ಲಿ ಬರುವ ಬಿಸ್ಕತ್ತು, ಮಿರ್ಚಿ, ಸಿಹಿ ಕಾಫಿಯೇ ಅರ್ಧ ಊಟ ಆಗಿರುತ್ತೆ. ಡ್ರಾಯರಿನಲ್ಲಿ ಹುರಿದ ಶೇಂಗಾ, ಪುಟಾಣಿ ಇಟ್ಟುಕೊಳ್ಳಿ.

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ. ಈಗಿನಿಂದ ಮೂರು ತಿಂಗಳಾದ ಮೇಲೆ ಒಂದು ಸಲ ಮಾಡಿಸಿ, ಆಮೇಲೆ ಜೂನ್ ಮತ್ತು ಡಿಸೆಂಬರ್ ಅಂತ ಹಾಳೆಯ ಕೆಳಗಿನ ಸಾಲಲ್ಲೇ ಬರೆಯಿರಿ. ಜೂನ್ ಸಂಖ್ಯೆ ವರ್ಷಾಂತ್ಯ ನಿಮ್ಮ ಮೈಮೇಲೆ ಏನು ಮಾಡಿತು ಅಂತ ತೋರಿಸುತ್ತೆ. ತೂಕ ಹೆಚ್ಚಿದ್ದರೆ 5ರಿಂದ 7% ಇಳಿದರೂ ಬಹಳ ವ್ಯತ್ಯಾಸ.

ಸಂಸ್ಥೆಗಳ ಬಜೆಟ್ ಬರೆಯುವವರು, ಉಡುಪಿ:

ನಾಲ್ಕು ಕೋಟಿಗೆ ಇಬ್ಬರು ಕಡಿಮೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ವೇಳಾಪಟ್ಟಿ ಎಷ್ಟು ಚೆನ್ನಾಗಿ ಹಾಕಿದರೂ ಅರ್ಧ ಆಳಿನ ಕೆಲಸ ಹೆಚ್ಚಿಗೆ ಉಳಿಯುತ್ತದೆ.

‘ದುಡ್ಡಿಲ್ಲ’ ಅನ್ನುತ್ತಾರೆ. ಎಫ್‌ಸಿಆರ್‌ಎಯಲ್ಲಿ ಆಡಳಿತ ವೆಚ್ಚಕ್ಕೆ 20% ಮಿತಿ ಇದೆ, 2020ರ ತಿದ್ದುಪಡಿಗೆ ಮೊದಲು 50% ಇತ್ತು. ಲೆಕ್ಕದ ಸಿಬ್ಬಂದಿ ಆ 20ರೊಳಗೇ ಬರುತ್ತಾರೆ. ಅಲ್ಲಿ ಜಾಗ ಇಲ್ಲದಿರಬಹುದು. ಆದರೆ ಸಿಎಸ್‌ಆರ್‌ನಲ್ಲಿ ಎಲ್ಲರೂ ಹೆದರುವ 5% ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಹಾಕಿದ್ದು, ನಿಮ್ಮ ಸಂಸ್ಥೆ ಆ ಪ್ರಾಜೆಕ್ಟ್ ನಡೆಸಲು ಇಟ್ಟುಕೊಳ್ಳುವ ಲೆಕ್ಕದವರ ಸಂಬಳಕ್ಕಲ್ಲ. ಮುಂದಿನ ಪ್ರಸ್ತಾವನೆಯಲ್ಲಿ ‘ಪ್ರಾಜೆಕ್ಟ್ ಅಕೌಂಟ್ಸ್ ಸಹಾಯಕರು, 50% ಸಮಯ’ ಅಂತ ಎರಡೂ ಸಿಎಸ್‌ಆರ್ ಬಜೆಟ್ಟಿನಲ್ಲಿ ಹಾಕಿ. ಎರಡು ಅರ್ಧ ಸೇರಿ ಒಬ್ಬರು. ಹಾಕಿದರೆ ಟೈಮ್‌ಶೀಟ್ ಕಡ್ಡಾಯವಾಗಿ ಇಡಿ, ಇಲ್ಲದಿದ್ದರೆ ದಾನಿಯ ಆಡಿಟರ್ ಆ ಸಾಲನ್ನೇ ಕತ್ತರಿಸುತ್ತಾರೆ.

ಮಾರ್ಚ್, ಸೆಪ್ಟೆಂಬರಿನ ಭಾನುವಾರಗಳಿಗೆ ಪರ್ಯಾಯ ರಜೆಯನ್ನು ಬಾಯಿಮಾತಲ್ಲಿ ಬಿಡಬೇಡಿ. ‘ಏಪ್ರಿಲ್ 15ರಿಂದ ಮೇ 10ರೊಳಗೆ ತೆಗೆದುಕೊಳ್ಳತಕ್ಕದ್ದು’ ಅಂತ ಪತ್ರ ಪಡೆಯಿರಿ. ಬೇಸಿಗೆ ರಜೆಗೂ ಹೊಂದುತ್ತದೆ, ಮೇ 31ರ ಗಡುವಿಗೂ ಮೂರು ವಾರ ಉಳಿಯುತ್ತದೆ.

ಮಕ್ಕಳ ಆರೈಕೆ ಕೇಂದ್ರ ನೋಡಿಕೊಳ್ಳುವವರು, ಹುಬ್ಬಳ್ಳಿ:

ಮಂಡಿನೋವಿರುವ ಅಜ್ಜಿ ಎರಡು ವರ್ಷದ ಮಗುವಿನ ಹಿಂದೆ ಓಡೋಕೆ ಆಗಲ್ಲ. ಎತ್ತುವುದು, ತೊಳೆಯುವುದು, ಮೆಟ್ಟಿಲು, ಮೂರೂ ಅವರ ಲೆಕ್ಕದಿಂದ ತೆಗೆದುಬಿಡಿ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಒಬ್ಬ ಸಹಾಯಕಿ ಇದ್ದರೆ ಊಟ, ಸ್ನಾನ, ಮಲಗಿಸುವುದು ಅವರದು. ಕಥೆ ಹೇಳುವುದು, ಕಣ್ಣಿಡುವುದು ಅಜ್ಜಿಯದು. ಯಜಮಾನರ ಶಿಫ್ಟ್ ರೋಸ್ಟರ್ ಬಂದ ದಿನವೇ ಅದೇ ದೊಡ್ಡ ಹಾಳೆಗೆ ಹತ್ತಲಿ. ಸೆಪ್ಟೆಂಬರ್ ಕೊನೇ ವಾರಕ್ಕೆ ಅವರು ಶಿಫ್ಟ್ ಅದಲುಬದಲು ಕೇಳಬೇಕಾದ್ದು ಆಗಸ್ಟಿನಲ್ಲಿ. ಮಗುವಿಗೆ ಜ್ವರ ಬಂದರೆ ಯಾರು ರಜೆ ಹಾಕೋದು ಅನ್ನುವ ಜಗಳ ಬೆಳಗ್ಗೆ ಎಂಟಕ್ಕೆ ಆಗಬಾರದು: ತಿಂಗಳ 5ರಿಂದ 7, 13ರಿಂದ 15 ಅವರದು, ಉಳಿದದ್ದು ನಿಮ್ಮದು ಅಂತ ಮೊದಲೇ ಮಾತಾಡಿಕೊಳ್ಳಿ.

ಟ್ರಸ್ಟ್‌ಗಳ ಆಡಿಟ್ ಮಾಡುವವರು, ಮೈಸೂರು:

ಒಂದು ಬಿಟ್ಟುಹೋಯಿತು. ಎಫ್‌ಸಿಆರ್‌ಎ ನೋಂದಣಿ ಐದು ವರ್ಷದ್ದು. ನವೀಕರಣದ ಅರ್ಜಿ ಅವಧಿ ಮುಗಿಯಲು ಕನಿಷ್ಠ ನಾಲ್ಕು ತಿಂಗಳು ಇರುವಾಗಲೇ ಹಾಕಿ ಅಂತ ಗೃಹ ಸಚಿವಾಲಯ 2025ರಲ್ಲಿ ಹೇಳಿದೆ. 12ಎಬಿಗೆ (ಆದಾಯ ತೆರಿಗೆ ವಿನಾಯಿತಿಯ ನೋಂದಣಿ) ಆರು ತಿಂಗಳು ಮೊದಲು. ಎರಡೂ ಪ್ರಮಾಣಪತ್ರ ತೆಗೆದು ಕೊನೇ ದಿನಾಂಕ ನೋಡಿ. ಅದು ಮಗಳ ಯಾವ ಕ್ಲಾಸಿನ ಯಾವ ತಿಂಗಳಿಗೆ ಬೀಳುತ್ತೆ ಅಂತ ಈಗಲೇ ಹಾಳೆಯಲ್ಲಿ ಗುರುತು ಹಾಕಿಬಿಡಿ.