ಅಣುತೂಕದ ಲೆಕ್ಕದಲ್ಲಿ ಮಧ್ಯೆ ಚುಕ್ಕಿ ಬಂದ್ರೆ ಗುಣಿಸೋದಾ, ಕೂಡೋದಾ?

ಹೊಸ ಕಲಿಕೆ:
ಎಲ್ರಿಗೂ ನಮಸ್ಕಾರ. ನೀರಿನ ತರ ಸಿಂಪಲ್ ಫಾರ್ಮುಲಾ ಇದ್ರೆ ಮಾಲಿಕ್ಯುಲರ್ ವೇಯ್ಟ್ ಆರಾಮಾಗಿ ಬರುತ್ತೆ, ಎರಡು ಹೈಡ್ರೋಜನ್ ಒಂದು ಆಕ್ಸಿಜನ್, 18 ಆಯ್ತು. ಆದ್ರೆ ನೀಲಿ ಕಾಪರ್ ಸಲ್ಫೇಟ್‌ಗೆ ಮಧ್ಯೆ ಚುಕ್ಕಿ ಇಟ್ಟು ಆಮೇಲೆ 5 ನೀರು (CuSO₄·5H₂O) ಅಂತ ಬರೆದಿರ್ತಾರಲ್ಲ, ಗಣಿತದಲ್ಲಿ ಚುಕ್ಕಿ ಅಂದ್ರೆ ಗುಣಾಕಾರ, ಇಲ್ಲಿ ಗುಣಿಸಿದ್ರೆ 14 ಸಾವಿರ ದಾಟುತ್ತೆ, ಬಾಟಲ್ ಲೇಬಲ್ ನೋಡಿದ್ರೆ 249.68 ಅಂತಿದೆ. ಅಲ್ಯೂಮಿನಿಯಂ ಸಲ್ಫೇಟ್‌ನಲ್ಲಿ (ಅಂದ್ರೆ Al₂(SO₄)₃) ಬ್ರಾಕೆಟ್ ಹೊರಗಿರೋ 3 ಯಾವ್ಯಾವುದಕ್ಕೆ ಸೇರುತ್ತೆ? ಇನ್ನೊಂದು, ಕ್ಲೋರಿನ್‌ಗೆ 35.5 ಹೇಗೆ ಬಂತು, ಅರ್ಧ ನ್ಯೂಟ್ರಾನ್ ಅಂತೂ ಇರಲ್ಲವಲ್ಲ?

ಲ್ಯಾಬ್ ಮಿತ್ರ:
ಆ ಚುಕ್ಕಿ ಕೂಡೋದಕ್ಕೆ. ಹರಳಿನ ಒಳಗೆ ಪ್ರತಿ ಕಾಪರ್ ಸಲ್ಫೇಟ್ ಜೊತೆ 5 ನೀರಿನ ಅಣು ಸೇರಿಕೊಂಡಿವೆ ಅಂತ ಮಾತ್ರ ಅದು ಹೇಳುತ್ತೆ. ಕಾಪರ್ 63.55, ಸಲ್ಫರ್ 32.06, ನಾಲ್ಕು ಆಕ್ಸಿಜನ್ 64, ಇಷ್ಟಕ್ಕೆ 159.61. ನೀರು 5 ಸಲ 18.015, ಅಂದ್ರೆ 90.08. ಕೂಡಿದ್ರೆ 249.69, ಲೇಬಲ್‌ಗೂ ಇದಕ್ಕೂ ಕೊನೆ ಅಂಕಿಯಲ್ಲಿ ಬರೋ ವ್ಯತ್ಯಾಸ ರೌಂಡಿಂಗ್‌ದು, ತಲೆ ಕೆಡಿಸ್ಕೋಬೇಡಿ. ಗಮನಿಸಿ, ಆ ನೀಲಿ ಹರಳಿನ ತೂಕದಲ್ಲಿ ನೂರಕ್ಕೆ 36 ಭಾಗ ಬರೀ ನೀರೇ!

ಬ್ರಾಕೆಟ್ ವಿಷಯಕ್ಕೆ ಬಂದ್ರೆ, ಹೊರಗಿನ 3 ಬ್ರಾಕೆಟ್ ಒಳಗಿರೋ ಎಲ್ಲದಕ್ಕೂ ಸೇರುತ್ತೆ, ಅಲ್ಯೂಮಿನಿಯಂ ಹೊರಗಿದೆ, ಅದಕ್ಕೆ ಅದರದ್ದೇ 2 ಸಾಕು. ಹಾಗಾಗಿ ಸಲ್ಫರ್ 3, ಆಕ್ಸಿಜನ್ 12. ಒಟ್ಟು 342.14. ಮೊದಲು ಪರಮಾಣು ಎಣಿಸಿ ಬರ್ಕೊಳ್ಳಿ, ಆಮೇಲೆ ಕ್ಯಾಲ್ಕುಲೇಟರ್ ಮುಟ್ಟಿ, ಈ ಲೆಕ್ಕದಲ್ಲಿ ಎಡವೋದು ಎಣಿಕೆಯಲ್ಲೇ.

ಐಸೋಟೋಪ್:
ಕ್ಲೋರಿನ್ ಬಗ್ಗೆ ನಾನು ಹೇಳ್ತೀನಿ. ಒಂದೇ ಒಂದು ಕ್ಲೋರಿನ್ ಪರಮಾಣು ಹಿಡಿದ್ರೆ 35.5 ತೂಗೋದು ಯಾವತ್ತೂ ಸಿಗಲ್ಲ, ಪ್ರಕೃತಿಯಲ್ಲಿ ನೂರಕ್ಕೆ ಸುಮಾರು 76 ಕ್ಲೋರಿನ್-35, ಉಳಿದ 24 ಎರಡು ನ್ಯೂಟ್ರಾನ್ ಹೆಚ್ಚಿರೋ ಕ್ಲೋರಿನ್-37, ಇವೆರಡರ ಸರಾಸರಿ ತೆಗೆದಾಗ 35.5 ಹತ್ರ ಬರುತ್ತೆ, ಟೇಬಲ್‌ನಲ್ಲಿ 35.45 ಅಂತ ಇರುತ್ತೆ. 35 ಮತ್ತು 37 ಕೂಡಿ ಎರಡರಿಂದ ಭಾಗಿಸಿದ್ರೆ 36 ಬಂದುಬಿಡುತ್ತೆ, ಯಾವುದು ಎಷ್ಟು ಪಾಲು ಇದೆ ಅನ್ನೋದನ್ನ ಬಿಟ್ಟಂಗಾಯ್ತು. ಈ ಎಲ್ಲಾ ತೂಕಕ್ಕೂ ಅಳತೆಗೋಲು ಕಾರ್ಬನ್-12, ಅದನ್ನ ಸರಿಯಾಗಿ 12 ಅಂತ ಇಟ್ಕೊಂಡಿದ್ದಾರೆ, 1961ರಿಂದ ಹಾಗೆ.

ಹೊಸ ಕಲಿಕೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹಾಗಾದ್ರೆ ಕಾಪರ್ ಸಲ್ಫೇಟ್‌ನ 0.1 ಮೋಲಾರ್ ದ್ರಾವಣ, ಅಂದ್ರೆ ಲೀಟರಿಗೆ 0.1 ಮೋಲ್ (ಒಂದು ಮೋಲ್ ಅಂದ್ರೆ ಅಣುತೂಕದಷ್ಟು ಗ್ರಾಂ) ಇರೋದು, 250 ಎಂಎಲ್ ಮಾಡ್ಬೇಕಂದ್ರೆ 159.6 ಹಾಕಬೇಕಾ 249.7 ಹಾಕಬೇಕಾ? ಕೊನೆಗೆ ಎಲ್ಲಾ ನೀರಲ್ಲೇ ಕರಗುತ್ತಲ್ಲ?

ಲ್ಯಾಬ್ ಮಿತ್ರ:
ತಕ್ಕಡಿ ಮೇಲೆ ಯಾವುದನ್ನ ಇಡ್ತೀರೋ ಅದರ ತೂಕ. ನೀಲಿ ಹರಳು ಅಂದ್ರೆ 0.025 ಮೋಲ್‌ಗೆ 6.24 ಗ್ರಾಂ ಬೇಕು. 159.6 ಹಿಡ್ಕೊಂಡು 3.99 ಗ್ರಾಂ ನೀಲಿ ಹರಳು ಹಾಕಿದ್ರೆ ದ್ರಾವಣ 0.064 ಮೋಲಾರ್ ಮಾತ್ರ ಆಗುತ್ತೆ, ಆಮೇಲಿನ ರೀಡಿಂಗ್ ಎಲ್ಲಾ ಹಾಳು. ನೀರು ಹೋಗಿ ಬಿಳಿ ಪುಡಿ ಆಗಿರೋದಾದ್ರೆ ಮಾತ್ರ 159.6.

ಐಸೋಟೋಪ್:
ಕೈ ಪಳಗೋಕೆ ಮೆಗ್ನೀಷಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ ಮಾಡಿ ನೋಡಿ, ಮೆಗ್ನೀಷಿಯಂ 24.31, ನೀರು 7.

ಹೊಸ ಕಲಿಕೆ:
120.37 ಪ್ಲಸ್ 126.11, ಒಟ್ಟು 246.48 ಬಂತು.

ಐಸೋಟೋಪ್:
ಕರೆಕ್ಟ್.